ಶೀನಣ್ಣ ಕಂಡ ಮುಳ್ಳು

ಶೀನಣ್ಣ, ಜೀಪಿನ ವೈರನ್ನು ಕಳಚಿದ್ದು ನಾನು. ಇಂಜಿನ್ ಕೆಟ್ಟು ನಿಂತ ಮೇಲೆ, ಯಾರೂ ನೋಡದಾಗ, ಅದನ್ನು ಮತ್ತೆ ಸೇರಿಸಿದ್ದೂ ನಾನೇ. ನೀವು ಕಂಡದ್ದು ನಿಜ. ನಾನು ಹೇಳಿದ್ದು ಸುಳ್ಳು.

ಬರೆಯಲು ಕೂತಾಗ ಮೊದಲು ಬಂದದ್ದು ಮಳೆ — ಅಂದು ಮಳೆ ಸುರಿಯುತ್ತಿತ್ತು ಎಂದು ಬರೆದೇ ಬಿಟ್ಟಿದ್ದೆ. ಹೊಡೆದು ಹಾಕಿದೆ. ಹಣ್ಣು ಕುಯ್ಯುವ ಕಾಲ, ಕಣದ ತುಂಬ ಕಾಫಿ ಹರಡಿತ್ತು. ಮಳೆ ಎಲ್ಲಿಂದ ಬರಬೇಕು? ನನ್ನ ನೆನಪು ನನಗೇ ಕೊಡೆ ಹಿಡಿಯಲು ನೋಡುತ್ತದೆ.

ಬಾಳೂರಿನ ಆ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್, ನೀವು ಡ್ರೈವರ್. ಹಳೆಯ ಡೀಸೆಲ್ ಜೀಪು. ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು — ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೂ. ಮುಳ್ಳು ಕೆಂಪಿಗೆ ಹೋದರೆ ನೀವು ನಿಲ್ಲಿಸಲೇಬೇಕು. ಏರಿನಲ್ಲಿ ಆಳುಗಳನ್ನು ಇಳಿಸಿ, ಹಳ್ಳದಿಂದ ನೀರು ತಂದು, ರೇಡಿಯೇಟರ್ ನೋಡಿ... "ಶೀನಣ್ಣನ ಜೀಪಿಗಿಂತ ನಮ್ಮ ಕಾಲೇ ವಾಸಿ" ಎಂದು ಹೆಂಗಸರು ನಗುತ್ತಿದ್ದರು.

ಧಣಿ ಗೌಡರು ನನ್ನನ್ನು ಕರೆದರು. "ರೇಡಿಯೋ ಎಲ್ಲ ಬಿಚ್ತೀಯಲ್ಲ, ಅದೇನು ನೋಡು ಮಾರಾಯ. ಹಣ್ಣೆಲ್ಲ ಗಿಡದಲ್ಲೇ ಒಣಗ್ತಾ ಇದೆ."

ನೋಡಿದೆ. ಕೀ ತಿರುಗಿಸಿಟ್ಟು, ಇಂಜಿನ್ನಿನಲ್ಲಿದ್ದ ಬಿಸಿ ಅಳೆಯುವ ಸೆನ್ಸರಿನಿಂದ ವೈರ್ ಕಳಚಿದೆ, ಮುಳ್ಳು ಕೆಳಗಿಳಿಯಿತು. ವೈರಿನ ತುದಿಯನ್ನು ಕಬ್ಬಿಣಕ್ಕೆ ತಾಗಿಸಿದೆ, ಕೆಂಪಿಗೆ ಏರಿತು. ಮೀಟರ್ ಸರಿ, ವೈರ್ ಸರಿ, ಕೆಟ್ಟಿರುವುದು ಸೆನ್ಸರ್. ಆಲ್ದೂರಿನಿಂದ ಹೊಸದು ತರಲು ಹೇಳಿ, ಅಲ್ಲಿಯತನಕ ವೈರಿನ ತುದಿಗೆ ಟೇಪು ಸುತ್ತಿ ಹಾಗೇ ಬಿಟ್ಟೆ. ಇನ್ನು ಇಂಜಿನ್ ಎಷ್ಟೇ ಕಾದರೂ ಮುಳ್ಳು ಏಳುವುದಿಲ್ಲ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಆಳು ತುಂಬಿಕೊಂಡು ನೀವು ಏರು ಹತ್ತಿಸುತ್ತಿರಲಿಲ್ಲ.

"ಸರಿಯಾಯ್ತಾ ರೈಟ್ರೇ?" ಎಂದು ಕೇಳಿದಿರಿ ನೀವು.

"ಹೂಂ" ಅಂದೆ — ಅಂದೆನೋ, ಬರೀ ತಲೆಯಾಡಿಸಿದೆನೋ. ತಲೆಯಾಡಿಸಿದ್ದರೆ ತಪ್ಪು ಸ್ವಲ್ಪ ಸಣ್ಣದಾಗುತ್ತದೆ. ಅದಕ್ಕೇ "ಹೂಂ" ಎಂದೇ ಇರಲಿ.

ಸೆನ್ಸರ್ ಬಂತು. ಹಾಕಲು ಇಂಜಿನ್ನಿನ ನೀರು ಇಳಿಸಬೇಕು, ಜೀಪು ನಿಲ್ಲಬೇಕು. ನಾಳೆ ಹಾಕಿದರಾಯಿತೆಂದು ಡ್ರಾಯರಿನಲ್ಲಿಟ್ಟೆ. ಮರೆತೆ ಎನ್ನಲೇ? ಪೆನ್ನು ತೆಗೆಯುವಾಗಲೆಲ್ಲ ಅದು ಕೈಗೆ ತಾಗುತ್ತಿತ್ತು.

ಒಂದು ದಿನ ಏರಿನಲ್ಲಿ ರೇಡಿಯೇಟರಿನ ಪೈಪು ಒಡೆಯಿತು. ಮುಳ್ಳು ಕೆಳಗೇ ಇತ್ತು. ನೀವು ಹಳ್ಳದ ಬಳಿ ನಿಲ್ಲಿಸಲಿಲ್ಲ. ಇಂಜಿನ್ ಕಚ್ಚಿಕೊಂಡು ನಿಂತಿತು. ಆಳುಗಳು ನಡೆದು ಇಳಿದರು, ಯಾರಿಗೂ ಏನೂ ಆಗಲಿಲ್ಲ — ಈ ವಾಕ್ಯವನ್ನು ಎಷ್ಟು ವರ್ಷ ಹೇಳಿಕೊಂಡಿದ್ದೇನೋ.

ಸುದ್ದಿ ತಿಳಿದು ನಾನು ಬಂದೆ. ನನ್ನನ್ನು ಜೀಪಿನ ಹತ್ತಿರ ನಿಲ್ಲಿಸಿ ನೀವು ಗೌಡರನ್ನು ಕರೆತರಲು ಹೋದಿರಿ. ಡ್ರಾಯರಿನಿಂದ ತಂದ ಹೊಸ ಸೆನ್ಸರ್ ನನ್ನ ಜೇಬಿನಲ್ಲಿತ್ತು. ಹಳೆಯದನ್ನು ಬಿಚ್ಚಿ ಅದನ್ನು ಕೂರಿಸಿದೆ, ವೈರ್ ಸಿಕ್ಕಿಸಿದೆ. ಒಳಗೆ ನೀರೇ ಇರಲಿಲ್ಲವಲ್ಲ, ಒಂದು ಹನಿಯೂ ಸುರಿಯಲಿಲ್ಲ. ಬೆರಳು ಸುಟ್ಟಿತು. ನೋವಾದ ನೆನಪಿಲ್ಲ.

"ಮುಳ್ಳು ಏಳ್ಲೇ ಇಲ್ಲ ಗೌಡ್ರೇ, ಕೆಳಗೇ ಇತ್ತು" ಎಂದಿರಿ ನೀವು. ಗೌಡರು ನನ್ನತ್ತ ತಿರುಗಿದರು. ನಾನು ಅದೇ ಪರೀಕ್ಷೆ ಮಾಡಿ ತೋರಿಸಿದೆ — ವೈರ್ ಕಳಚಿದೆ, ಕಬ್ಬಿಣಕ್ಕೆ ತಾಗಿಸಿದೆ. ಮುಳ್ಳು ಇಳಿಯಿತು, ಏರಿತು.

"ಮೀಟರ್ ಸರಿ ಇದೆ ಗೌಡ್ರೇ."

ನೀವು ಜಗಳಕ್ಕೆ ಬರುತ್ತೀರಿ ಎಂದುಕೊಂಡಿದ್ದೆ. ಬರಲಿಲ್ಲ. ಬಗ್ಗಿ ಮುಳ್ಳನ್ನು ನೋಡಿದಿರಿ, ಕಣ್ಣುಜ್ಜಿಕೊಂಡಿರಿ. "ಹಂಗಾದ್ರೆ ನಂಗೇ ಕಾಣ್ಲಿಲ್ವೇನೋ."

ಗೌಡರು ನಿಮ್ಮನ್ನು ಕೆಲಸದಿಂದ ಬಿಡಿಸಲಿಲ್ಲ. ನೀವೇ ಬಿಟ್ಟಿರಿ. ಕಣ್ಣು ನಂಬದವನು ಆಳು ತುಂಬಿದ ಗಾಡಿ ಓಡಿಸಬಾರದು ಎಂದಿರಂತೆ. ಆಮೇಲೆ ಯಾವ ಗಾಡಿಯನ್ನೂ ಮುಟ್ಟಲಿಲ್ಲವಂತೆ.

ಮೊನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮನೆಯವರು, ಸರೋಜಕ್ಕ, ನಿಮ್ಮ ತೋಳು ಹಿಡಿದು ರಸ್ತೆ ದಾಟಿಸುತ್ತಿದ್ದರು. "ಡಾಕ್ಟ್ರು ಕಣ್ಣಿಗೇನೂ ಆಗಿಲ್ಲ ಅಂತಾರೆ ರೈಟ್ರೇ. ಇವ್ರು ನಂಬಿದ್ರೆ ತಾನೆ!" ಆದರೆ ಅಷ್ಟು ಜನರ ನಡುವೆ, ರಸ್ತೆಯ ಆಚೆಯಿಂದ, ನನ್ನನ್ನು ಗುರುತು ಹಿಡಿದು ಕೂಗಿದವರು ನೀವೇ, ಶೀನಣ್ಣ. ನಾನು ಆಗಲೂ ಹೇಳಲಿಲ್ಲ. ಬಸ್ಸು ಬಂತು — ಇಲ್ಲ, ಬಸ್ಸು ಬರಲು ಇನ್ನೂ ಹೊತ್ತಿತ್ತು.

ನಿನ್ನೆ ಗೌಡರಿಗೆ ಹೇಳಿದೆ. "ಈಗ್ಯಾಕೆ ಮಾರಾಯ ಅದೆಲ್ಲ? ಜೀಪೇ ಗುಜರಿಗೆ ಹೋಯ್ತಲ್ಲ" ಎಂದರು.

ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಬಂದುಬಿಡಬಹುದು. ಅದು ಸುಲಭ, ಅದಕ್ಕೇ ಕೊಡುವುದಿಲ್ಲ. ಭಾನುವಾರ ನಿಮ್ಮ ಊರು ಜಾವಳಿಗೆ, ನಿಮ್ಮ ಮನೆಗೇ ಬರುತ್ತೇನೆ. ನನ್ನನ್ನು ಕಂಡೊಡನೆ ಸರೋಜಕ್ಕ ಕಾಫಿ ಮಾಡಲು ಒಳಗೆ ಹೊರಡುತ್ತಾರೆ. ತಡೆಯುತ್ತೇನೆ. ಅವರೂ ಕೇಳಬೇಕು.