ಅಧ್ಯಕ್ಷರ ಕಂಠ

ರಾಯಲ್ಪಾಡಿನ ಆಚೆ, ಆಂಧ್ರದ ಗಡಿಗೆ ತೀರಾ ಹತ್ತಿರವಿರುವ ಒಂದು ಊರಿನಲ್ಲಿ ಸೊಣ್ಣಪ್ಪ ಎಂಬುವನಿದ್ದಾನೆ. ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ ತೋಟ, ಬೇಲಿಯ ಉದ್ದಕ್ಕೂ ಮಾವಿನ ಮರ. ಹೆಂಡತಿ ಭಾರತಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಮಗಳು ಮಾಲೂರಿನಲ್ಲಿ ಸಂಸಾರ ಹೂಡಿಕೊಂಡು ಚೆನ್ನಾಗಿದ್ದಾಳೆ. ಅವನಿಗೆ ಅಂತ ಉಳಿದದ್ದು ಶನಿವಾರ ಸಂಜೆಯ ಭಜನೆ ಒಂದೇ. ಆಂಜನೇಯನ ಗುಡಿಯ ಪಕ್ಕದ ಭಜನೆ ಮಂದಿರದಲ್ಲಿ ಕದಿರೇಶ ಹಾರ್ಮೋನಿಯಂ ಹಿಡಿದು, ಆಂಜಿನಪ್ಪ ಡೋಲಕ್ಕಿನ ಮುಂದೆ ಕೂತು, ಸೊಣ್ಣಪ್ಪ ಬಾಯಿ ತೆರೆದನೆಂದರೆ ದಾರಿಯಲ್ಲಿ ಹೋಗುವವರೂ ನಿಂತುಬಿಡುತ್ತಿದ್ದರು. ವಾರದ ಮಿಕ್ಕ ದಿನಗಳನ್ನು ಅವನು ಆ ಸಂಜೆಗಾಗಿಯೇ ದೂಡುತ್ತಿದ್ದ ಎಂದರೆ ತಪ್ಪಿಲ್ಲ.

ಊರಿನ ಹಾಲಿನ ಸೊಸೈಟಿಗೆ ಮುನಿಕೃಷ್ಣಪ್ಪನವರು ಅಧ್ಯಕ್ಷರು. ಸೊಸೈಟಿಗೆ ಎಂದದ್ದು ಬಾಯಿಮಾತಿಗೆ ಅಷ್ಟೆ. ಯಾವ ಬೀದಿಗೆ ನೀರು ಮೊದಲು ಬಿಡಬೇಕು, ಯಾರ ಮನೆಯ ಮದುವೆಗೆ ಯಾರು ಹೋಗಬಾರದು, ಎಲ್ಲಕ್ಕೂ ಅವರೇ. ಎದುರು ಮಾತಾಡಿದವನ ಹಾಲು ಮಾರನೆಯ ದಿನ ‘ನೀರು ಜಾಸ್ತಿ’ ಎಂದು ವಾಪಸ್ಸು ಬರುತ್ತಿತ್ತು. ಇಂಥ ದೊಡ್ಡ ಮನುಷ್ಯರು ಆಗಸ್ಟ್ ಹದಿನೈದರ ಕೇರಂ ಪಂದ್ಯದಲ್ಲಿ ಕಿರುಬೆರಳಿನಿಂದ ಕಾಯಿ ತಳ್ಳುತ್ತಿದ್ದರು. ಸುತ್ತ ನಿಂತವರೆಲ್ಲ ನೋಡುತ್ತಿದ್ದರು, ನೋಡಿಯೇ ಚಪ್ಪಾಳೆ ತಟ್ಟುತ್ತಿದ್ದರು. ಊರನ್ನೇ ಮುಷ್ಟಿಯಲ್ಲಿಟ್ಟುಕೊಂಡವನಿಗೆ ಒಂದು ಕೇರಂ ಕಾಯಿ ಯಾಕೆ ಬೇಕು ಎಂದು ಸೊಣ್ಣಪ್ಪ ಮನೆಗೆ ಬಂದು ಒಬ್ಬನೇ ನಗುತ್ತಿದ್ದ. ನಗಬಾರದಿತ್ತು. ಅಂಥವರಿಗೆ ಕಾಯಿಯ ಆಸೆ ಎಲ್ಲಿಯದು? ಕಣ್ಣಾರೆ ಕಂಡವರು ಕಂಡೇ ಇಲ್ಲ ಎನ್ನಬೇಕು, ಅದನ್ನು ತಾವು ಕೂತು ನೋಡಬೇಕು, ಅವರ ಆಸೆ ಅದು.

ಒಂದು ವರ್ಷ ಅಧ್ಯಕ್ಷರಿಗೆ ತಾವು ಹಾಡಿದ ಭಕ್ತಿಗೀತೆಗಳನ್ನು ಗುಡಿಯ ಮೈಕಿನಲ್ಲಿ ಹಾಕಿಸುವ ಹುಚ್ಚು ಹತ್ತಿತು. ಭಜನೆಯವರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಕೋಲಾರದ ಒಂದು ಸ್ಟುಡಿಯೋಗೆ ಹೋದರು. ಅವರ ಗಂಟಲು ಪಲ್ಲವಿಯಲ್ಲೇ ಒಡೆಯಿತು. ಮೇಲಕ್ಕೆ ಹೋದರೆ ಕೀರಲು, ಕೆಳಗಿಳಿದರೆ ಕೆಮ್ಮು. ತಾಳವಂತೂ ಅವರ ಹಿಂದೆ ಓಡಿ ಓಡಿ ಸುಸ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಸ್ಟುಡಿಯೋದವನು ತಲೆಯ ಮೇಲೆ ಕೈಹೊತ್ತು ಕೂತ. ಆಗ ಅಧ್ಯಕ್ಷರು ಸೊಣ್ಣಪ್ಪನ ಹೆಗಲಿಗೆ ಕೈಹಾಕಿ, ನೀನೇ ಹಾಡಿಬಿಡು, ಹೆಸರು ನನ್ನದಿರಲಿ, ದೇವರ ಕೆಲಸ ತಾನೆ ಎಂದು ಕಣ್ಣು ಮಿಟುಕಿಸಿದರು. ಸೊಣ್ಣಪ್ಪನಿಗೂ ತಮಾಷೆ ಎನಿಸಿತು. ಭಜನೆಯಲ್ಲಿ ಹಾಡುವವನಿಗೆ ಹೆಸರಿನ ಹಂಗೇನು ಎಂದುಕೊಂಡ. ಅಪ್ಪನಿಂದ ಕಲಿತ ತೆಲುಗು ಪದಗಳನ್ನೂ ಸೇರಿಸಿ, ಬಾಯ್ತುಂಬ ಹಾಡಿ ಬಂದ.

ಮುಂದಿನ ವಾರದಿಂದ ದಿನಾ ಬೆಳಗ್ಗೆ ಮೈಕಿನಲ್ಲಿ ಮೊದಲು ಒಂದು ಗಡಸು ದನಿ, ಗಾಯಕರು ಶ್ರೀ ಮುನಿಕೃಷ್ಣಪ್ಪನವರು ಎಂದು ಸಾರುತ್ತಿತ್ತು. ಆಮೇಲೆ ಸೊಣ್ಣಪ್ಪನ ದನಿ. ಅವನ ಹಾಡು ಕೇಳುತ್ತಲೇ ತಲೆ ನರೆತ ಊರಿಗೆ ಅದು ಯಾರದೆಂದು ಹೇಳಿಕೊಡಬೇಕೆ? ಆದರೂ ಹಾಲು ಹಾಕುವ ಸಾಲಿನಲ್ಲಿ ನಿಂತವರು, ಅಧ್ಯಕ್ಷರದ್ದು ಏನು ಕಂಠ ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಹೊಗಳುತ್ತಿದ್ದರು. ಮೊದಮೊದಲು ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅಧ್ಯಕ್ಷರು ಸೊಣ್ಣಪ್ಪನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದರು. ಯುಗಾದಿಯ ಹೊತ್ತಿಗೆ ಅದು ನಿಂತುಹೋಯಿತು.

ಯುಗಾದಿ ಕಳೆದ ಮೇಲೆ ಒಂದು ದಿನ ಅವನನ್ನು ಸೊಸೈಟಿಗೆ ಕರೆಸಿದರು.

“ಸೊಣ್ಣಪ್ಪ, ಇನ್ಮೇಲೆ ಭಜನೇಲಿ ನೀನು ತಾಳ ಹಾಕ್ಕೊಂಡಿರು ಸಾಕು, ಹಾಡೋದು ಬೇಡ. ನೀನು ಥೇಟ್ ನನ್ನ ಥರಾನೇ ಹಾಡ್ತೀಯ. ಕೇಳ್ದೋರು ಏನನ್ಕೋತಾರೆ?”

ಸೊಣ್ಣಪ್ಪ ಈಗ ಕಣ್ಣು ಮಿಟುಕಿಸುತ್ತಾರೆ, ಈಗ ನಗುತ್ತಾರೆ ಎಂದು ಕಾದು ನಿಂತ. ಆ ಮುಖದಲ್ಲಿ ನಗುವಿರಲಿಲ್ಲ, ಕಳ್ಳತನದ ಅಳುಕೂ ಇರಲಿಲ್ಲ. ತನ್ನ ವಸ್ತುವನ್ನು ಯಾರೋ ಬಳಸುತ್ತಿದ್ದಾರೆ ಎಂಬ ಬೇಸರ ಮಾತ್ರ ಇತ್ತು. ಸೊಣ್ಣಪ್ಪನಿಗೆ ಮೊದಲ ಸಲ ಭಯವಾಯಿತು.

ಆ ಶನಿವಾರವೂ ಅವನು ಮಂದಿರಕ್ಕೆ ಹೋದ. ಬಾಯಿ ತೆರೆದಾಗ ಕದಿರೇಶ ಹಾರ್ಮೋನಿಯಂ ಮುಚ್ಚಿ ಏನೋ ರಿಪೇರಿ ಇದೆ ಎಂದ. ಚಿಕ್ಕಂದಿನಿಂದ ಜೊತೆಗೆ ಬೆಳೆದ ಆಂಜಿನಪ್ಪ ತಲೆ ಎತ್ತದೆ, “ಪೋನೀಲೇ ಅನ್ನಾ, ಬಿಟ್ಬಿಡು. ನಮ್ಮನೇಲೂ ಹಸು ಐತೆ,” ಎಂದ. ಸೊಣ್ಣಪ್ಪ ಬಿಟ್ಟ. ಕೆಲವು ವಾರ ತಾಳ ಕುಟ್ಟಿದ. ಗಂಟಲಿನವರೆಗೆ ಬಂದ ಹಾಡನ್ನು ನುಂಗುತ್ತ ಎಷ್ಟು ದಿನ ಕುಟ್ಟಲಾದೀತು? ಹೋಗುವುದನ್ನೇ ನಿಲ್ಲಿಸಿದ. ಯಾಕೆ ಬರಲಿಲ್ಲ ಎಂದು ಯಾರೂ ಬಂದು ಕೇಳಲಿಲ್ಲ. ಬೈಯಲಿಕ್ಕೆ ಬಂದಿದ್ದರೂ ಅವನು ಕಾಫಿ ಕೊಟ್ಟು ಕೂರಿಸಿಕೊಳ್ಳುತ್ತಿದ್ದ. ಶನಿವಾರ ಸಂಜೆಗಳಲ್ಲಿ ಹಸುಗಳ ಮೈ ಉಜ್ಜುತ್ತ, ಉಜ್ಜಿದ್ದನ್ನೇ ಉಜ್ಜುತ್ತ ಕತ್ತಲು ಮಾಡುತ್ತಿದ್ದ.

ಹೀಗಿರುವಾಗ ಹನುಮ ಜಯಂತಿ ಬಂತು. ಕೋಲಾರದಿಂದ ಒಬ್ಬ ದೊಡ್ಡ ಅಧಿಕಾರಿಯನ್ನು ಅಧ್ಯಕ್ಷರು ಕರೆಸಿದ್ದರು. ಗುಡಿಯ ಮುಂದೆ ಇಡೀ ಊರು ಸೇರಿತ್ತು, ಮೈಕಿನಲ್ಲಿ ಹಾಡು ಬರುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಅಧಿಕಾರಿಗೆ ಹಾಡು ಹಿಡಿಸಿಬಿಟ್ಟಿತ್ತು. ಕರೆಂಟು ಹೋದರೇನು, ಗಾಯಕರೇ ಪಕ್ಕದಲ್ಲಿದ್ದೀರಲ್ಲ, ಎರಡು ಸಾಲು ಆಗಲಿ ಎಂದರು. ಊರು ಉಸಿರು ಬಿಗಿಹಿಡಿಯಿತು. ಅಧ್ಯಕ್ಷರು ಗಂಟಲು ಮುಟ್ಟಿಕೊಂಡು, ಡಾಕ್ಟರು ಬೇಡ ಅಂದಿದ್ದಾರೆ ಎಂದು ಸುತ್ತ ಕಣ್ಣಾಡಿಸಿದರು. ಕಂಬದ ಮರೆಯಲ್ಲಿ ನಿಂತಿದ್ದ ಸೊಣ್ಣಪ್ಪ ಕಂಡ.

“ಅಗೋ, ನನ್ನ ಶಿಷ್ಯ ಅವ್ನೆ ಸಾರ್. ನಾನೇ ತಿದ್ದಿದ ಗಂಟಲು. ಬಾರೋ, ನಾನು ಹೇಳ್ಕೊಟ್ಟಂಗೆ ಹಾಡು.”

ಸೊಣ್ಣಪ್ಪ ಮುಂದೆ ಬಂದು ಕೂತ. ಕದಿರೇಶ ಗಡಿಬಿಡಿಯಿಂದ ಶ್ರುತಿ ಹಿಡಿದ. ಆಂಜಿನಪ್ಪನ ಮುಖ ಎಷ್ಟೋ ತಿಂಗಳ ಮೇಲೆ ಅರಳಿತ್ತು. ಕೈ ಆಗಲೇ ಡೋಲಕ್ಕಿನ ಮೇಲಿತ್ತು. ಎಲ್ಲರಿಗೂ ಅವನ ಹಾಡು ಬೇಕಾಗಿತ್ತು, ಅವನ ಗಂಟಲಿಗೂ ಬೇಕಾಗಿತ್ತು. ಆದರೆ ಚೆನ್ನಾಗಿ ಹಾಡಿದರೆ ಸಾಯುವ ತನಕ ಮುನಿಕೃಷ್ಣಪ್ಪನ ಶಿಷ್ಯ. ಎದ್ದು ಹೋದರೆ ನಾಳೆಯಿಂದ ಹಾಲು ವಾಪಸ್ಸು. ಅವನು ಕಣ್ಣು ಮುಚ್ಚಿದ. ಆಮೇಲೆ, ಹೇಳಿಕೊಟ್ಟಂತೆಯೇ ಹಾಡಿದ. ಕೋಲಾರದ ಸ್ಟುಡಿಯೋದಲ್ಲಿ ಅಧ್ಯಕ್ಷರು ಹಾಡಿದ ಹಾಗೆ, ಒಂದಿಷ್ಟೂ ತಪ್ಪಿಸದೆ: ಪಲ್ಲವಿಯಲ್ಲೇ ಒಡೆದ ದನಿ, ಅದೇ ಕೀರಲು, ಅದೇ ಕೆಮ್ಮು, ಎಲ್ಲೋ ಬಿಟ್ಟು ಎಲ್ಲೋ ಹಿಡಿದ ತಾಳ.

ಯಾರೂ ನಗಲಿಲ್ಲ. ಸ್ಟುಡಿಯೋಗೆ ಬಂದಿದ್ದ ಕದಿರೇಶ, ಆಂಜಿನಪ್ಪ ಇಬ್ಬರೂ ನೆಲ ನೋಡಿದರು. ಅಧ್ಯಕ್ಷರ ಮುಖ ಒಂದು ಗಳಿಗೆ ಕೆಂಪೇರಿ ಇಳಿಯಿತು. ಆಮೇಲೆ ಅವರೇ ಮೊದಲು ಚಪ್ಪಾಳೆ ತಟ್ಟಿ, “ಎಷ್ಟು ಹೇಳ್ಕೊಟ್ರೂ ಇವ್ನು ಇಷ್ಟೇ ಸಾರ್, ಪಾಪ,” ಎಂದರು. ಊರೆಲ್ಲ ತಟ್ಟಿತು. ಆಂಜಿನಪ್ಪನೂ ತಟ್ಟಿದ. ಇದ್ದದ್ದನ್ನು ಇದ್ದ ಹಾಗೆ ಎಲ್ಲರ ಮುಂದೆ ಇಟ್ಟದ್ದಾಯಿತು, ಕೈಚಾಚಿ ತೆಗೆದುಕೊಳ್ಳುವವರು ಒಬ್ಬರೂ ಇರಲಿಲ್ಲ. ಸೊಣ್ಣಪ್ಪ ಪ್ರಸಾದಕ್ಕೂ ನಿಲ್ಲದೆ ಮನೆಗೆ ಬಂದ.

ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕೂತ. ದುಃಖ ಉಕ್ಕಿ ಬಂತು, ಅದರ ಹಿಂದೆಯೇ ಹಾಡು ಬಂತು. ಅಪ್ಪ ಕಲಿಸಿದ ಪದವನ್ನು ತನ್ನ ಸ್ವಂತ ದನಿಯಲ್ಲಿ, ಎಂದೂ ಹಾಡದಷ್ಟು ಚೆನ್ನಾಗಿ ಹಾಡಿದ.

ಪಕ್ಕದ ಮನೆಗೆ ಈಚೆಗೆ ಸೊಸೆಯಾಗಿ ಬಂದ ಚಂದ್ರಕಲಾ ಅತ್ತೆ ರಮಾದೇವಿಯ ಜೊತೆ ಗುಡಿಯಿಂದ ವಾಪಸ್ಸು ಬರುತ್ತಿದ್ದಳು. ಕಿಟಕಿಯ ಹತ್ತಿರ ನಿಂತು, “ಸೊಣ್ಣಪ್ಪ ಮಾವ ಮೊಬೈಲಲ್ಲಿ ಅಧ್ಯಕ್ಷರ ಹಾಡು ಹಾಕ್ಕೊಂಡವ್ರೆ ಅತ್ತೆ. ಎಷ್ಟು ಚೆನ್ನಾಗೈತಲ್ಲ?” ಎಂದಳು.

ರಮಾದೇವಿ ಮದುವೆಯಾಗಿ ಬಂದಾಗಿನಿಂದ ಆ ಗೋಡೆಯಾಚೆಯ ದನಿ ಕೇಳಿದವಳು.

“ಹೂಂ ಕಣಮ್ಮ,” ಎಂದಳು. “ಅಧ್ಯಕ್ಷರದೇ.”

ಒಳಗೆ ಸೊಣ್ಣಪ್ಪನಿಗೆ ಅದು ಕೇಳಿಸಿತು. ಚರಣ ಇನ್ನೂ ಅರ್ಧದಲ್ಲಿತ್ತು, ಅವನು ಮುಗಿಸಲಿಲ್ಲ.