ಕಾಂತಿಯ ಕುತ್ತಿಗೆಯ ಗ್ರಂಥಿ

ಕಾಂತಿಯನ್ನು ನಾನು ಮೊದಲು ನೋಡಿದ್ದು ಕಟ್ಟಿದ ಬೀಡಿ ತೆಗೆದುಕೊಳ್ಳುವ ಪುಂಜಾಲಕಟ್ಟೆಯ ಬ್ರಾಂಚಿನಲ್ಲಿ, ತೊಂಬತ್ತಾರನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ. ಬ್ರಾಂಚಿನ ಬದ್ರುದ್ದೀನ್ ಅವಳ ಕಟ್ಟುಗಳನ್ನು ಬಿಚ್ಚಿ ಬಿಚ್ಚಿ ಬೀಡಿ ಬದಿಗೆ ಹಾಕುತ್ತಿದ್ದ. ನೂಲು ಸಡಿಲ, ಬಾಯಿ ಸರಿಯಾಗಿ ಮಡಚಿಲ್ಲ.

"ಇದು ಬೀಡಿಯಾ ಮಾರಾಯ್ತಿ? ಸೇದುವವನ ಬಾಯಿಗೆ ಸೊಪ್ಪೇ ಬರ್ತದೆ" ಅಂದ.

"ಅಷ್ಟು ಕಷ್ಟವಾದರೆ ಸೇದುವವನೇ ಬಂದು ಕಟ್ಟಲಿ!" ಅಂತ ಇವಳು ಗೆರಸೆಯನ್ನೇ ಎಸೆದಳು. ಹೊಗೆಸೊಪ್ಪಿನ ಹುಡಿ ಎಲ್ಲರ ಕಣ್ಣಿಗೆ.

ಹೆಂಗಸರು ದೂರ ಸರಿದು ಕೂತರು. ಗಂಡನ ಮನೆಯಿಂದ ಕಳಿಸಿದವಳು, ಸತ್ತವರ ಕುಲೆ ಮೈಮೇಲೆ ಉಂಟು ಅಂತ ಅವರಲ್ಲಿ ಮಾತು. ನಾನು ಅವಳ ಕೈ ನೋಡಿದೆ. ಸುಮ್ಮನೆ ಇಟ್ಟರೂ ಬೆರಳು ನಡುಗುತ್ತಿತ್ತು. ತಂಪು ಹವೆಯಲ್ಲೂ ಬೆವರು.

ಗಂಡ ತೀರಿಹೋದ ಮೇಲೆ ನಾನು ಬೀಡಿ ಕಟ್ಟುವುದು ನನ್ನ ಜಗಲಿಯಲ್ಲಿ ಒಬ್ಬಳೇ. "ನನ್ನಲ್ಲಿಗೆ ಬಾ. ನೀನು ಎಲೆ ಕತ್ತರಿಸು, ನೂಲು ನಾನು ಹಾಕ್ತೇನೆ" ಅಂದೆ. ಬಂದಳು.

ಅವಳ ಗಂಡ ರಮಾನಾಥನಿಗೆ ಮೂಡುಬಿದಿರೆಯಲ್ಲಿ ಸಣ್ಣ ಹೋಟೆಲು. ಅವನ ತಮ್ಮ ಹುಡುಗನಾಗಿದ್ದಾಗ ಕೆರೆಯಲ್ಲಿ ಮುಳುಗಿ ಸತ್ತದ್ದು. ಎಮ್ಮೆ ತೊಳೆಯಲಿಕ್ಕೆ ಕಳಿಸಿದವರು ತಾಯಿಯೇ. ಅದನ್ನು ಅತ್ತೆ ಕಾಂತಿಯಲ್ಲಿ ಒಮ್ಮೆ ಅತ್ತು ಹೇಳಿಕೊಂಡಿದ್ದರು. ಒಂದು ದಿನ ಸಾರಿನ ಉಪ್ಪಿಗೆ ಜಗಳವಾಗಿ ಕಾಂತಿ, "ಮಗನನ್ನು ಕೆರೆಗೆ ಕಳಿಸಿ ಕೊಂದವಳು ನೀವು" ಅಂದುಬಿಟ್ಟಳು.

"ನಾನು ಎಣಿಸಿ ಹೇಳಿದ್ದಲ್ಲ ಬೀಯಮ್ಮಕ್ಕ. ಬಾಯಿಗೆ ಬಂದದ್ದು" ಅಂತ ನನ್ನಲ್ಲಿ ಹೇಳಿದಳು.

ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಆ ಹುಡುಗನ ಕುಲೆಯೇ ಇವಳ ಬಾಯಲ್ಲಿ ಮಾತಾಡಿದ್ದು ಅಂತ ಬಂತಂತೆ. ಅದು ಶಾಂತವಾಗುವವರೆಗೆ ತವರಲ್ಲಿರಲಿ ಅಂತ ಕಳಿಸಿದ್ದು. ಕಾಂತಿಗೆ ಹಗಲೂ ರಾತ್ರಿ ಒಂದೇ ಯೋಚನೆ, ವಾಪಸ್ ಹೋಗಬೇಕು.

ಬಂಟ್ವಾಳದ ಶಾಲೆಯಲ್ಲಿ ಸುಧಾಕರ ಮಾಸ್ಟ್ರು ಯೋಗ ಶಿಬಿರ ಇಟ್ಟಾಗ ಇಬ್ಬರೂ ಹೋದೆವು. ನಾನು ಹಿಂದೆ ಕೂತೆ. ಗೋಡೆಯಲ್ಲಿ ಒಬ್ಬ ಮನುಷ್ಯನ ಚಿತ್ರ. ಬೆನ್ನಿನ ಬುಡದಿಂದ ನೆತ್ತಿಯವರೆಗೆ ಹೂವಿನ ಹಾಗೆ ಚಕ್ರಗಳು, ಪಕ್ಕದಲ್ಲಿ ಗ್ರಂಥಿಗಳ ಹೆಸರು. ಗ್ರಂಥಿ ರಕ್ತಕ್ಕೆ ಬಿಡುವ ರಸವೇ ಹಾರ್ಮೋನು, ಅದು ಹೆಚ್ಚಾದರೂ ಕಮ್ಮಿಯಾದರೂ ಮನುಷ್ಯನ ಗುಣವೇ ಬೇರೆ ಆಗ್ತದೆ ಅಂದರು. ಹೊಕ್ಕುಳ ಹತ್ತಿರ ಮಣಿಪೂರ, ಸಿಟ್ಟಿನ ಜಾಗ. ಗಂಟಲಲ್ಲಿ ವಿಶುದ್ಧಿ, ಮಾತಿನ ಜಾಗ. ಥೈರಾಯ್ಡ್ ಇರುವುದೂ ಅಲ್ಲಿಯೇ.

ಕಾಂತಿ ಕುತ್ತಿಗೆ ಮುಟ್ಟಿಕೊಂಡಳು. ಮಾಸ್ಟ್ರು ನೋಡಿದರು. ಸ್ವಲ್ಪ ಊದಿತ್ತು.

"ಕೈ ಚಾಚು" ಅಂದರು. ಆಮೇಲೆ, "ಇದು ನನ್ನ ಉಸಿರಾಟದಲ್ಲಿ ಇಳಿಯುವಂಥದ್ದಲ್ಲ ಮಗಳೇ. ಮೊದಲು ರಕ್ತ ಪರೀಕ್ಷೆಗೆ ಕೊಟ್ಟು ಬಾ."

ಬೆಳ್ತಂಗಡಿಯ ಡಾಕ್ಟರು ರಕ್ತ ನೋಡಿಸಿ ಥೈರಾಯ್ಡ್ ಹೆಚ್ಚುಂಟು ಅಂತ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಕೈಯ ನಡುಕ ನಿಂತಿತು, ಮೈ ತುಂಬಿತು. "ನಿನ್ನ ಬೀಡಿ ಬಿಸಾಡದೆ ನನ್ನ ಕೈಗೆ ಜಡ್ಡು ಹಿಡಿಯಿತು" ಅಂತ ಬದ್ರುದ್ದೀನ್ ತಮಾಷೆ ಮಾಡಿದರೆ ಬರೇ ನಕ್ಕಳು.

"ಮಾತಿನ ಜಾಗಕ್ಕೇ ರೋಗ ಬಂದದ್ದಲ್ಲವಾ ಬೀಯಮ್ಮಕ್ಕ? ಹೋಗಿ ಅತ್ತೆಗೆ ಹೇಳುವ."

ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆವು. ಅತ್ತೆ ಚಾವಡಿಯಲ್ಲಿದ್ದರು. ಮೂಲೆಯಲ್ಲಿ ಬಾಳೆ ಎಲೆಯ ತುಂಡಿನಲ್ಲಿ ಅನ್ನ, ಒಣಮೀನು ಬಡಿಸಿ ಇಟ್ಟಿತ್ತು. ಪ್ರಶ್ನೆಯಲ್ಲಿ ಮಗ ಅಂತ ಬಂದಂದಿನಿಂದ ಅವರು ದಿನಾ ಅವನಿಗೆ ಹಾಗೆ ಇಡುವುದಂತೆ.

ಕಾಂತಿ ಅವರ ಕಾಲ ಹತ್ತಿರ ಕೂತಳು. ಮುಖದಲ್ಲಿ ಎಷ್ಟು ಸಂತೋಷ! "ಅತ್ತೆ, ಕುಲೆ ಗಿಲೆ ಏನೂ ಅಲ್ಲ. ಗಂಟಲಿನ ಗ್ರಂಥಿಯ ರೋಗ. ಮಾತ್ರೆ ಉಂಟು. ಇನ್ನು ಹೆದರುವುದು ಬೇಡ."

ಅವರು ಮೂಲೆಯ ಎಲೆಯನ್ನು ನೋಡಿದರು.

"ಹಾಗಾದರೆ ಅವತ್ತು ಬಂದದ್ದು ನನ್ನ ಮಗ ಅಲ್ಲವಾ?"

"ಅಲ್ಲ ಅತ್ತೆ."

"ಬೈಯಲಿಕ್ಕಾದರೂ ಬಂದನಲ್ಲ ಅಂತ ಇದ್ದೆ" ಅಂತ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ರಮಾನಾಥ ಬಸ್‌ಸ್ಟ್ಯಾಂಡಿನವರೆಗೆ ಬಂದ. "ಕುಲೆ ಅಂತಲೇ ಇದ್ದಿದ್ದರೆ ಅಮ್ಮ ನಿನ್ನನ್ನು ಕರೀತಿದ್ದರು ಕಾಂತಿ. ಇನ್ನು ಆ ಮಾತನ್ನು ಯಾರ ಮೇಲೆ ಹಾಕುವುದು?"

"ಗ್ರಂಥಿಯ ಮೇಲೆ ಹಾಕಿ."

"ಸಿಟ್ಟು ಗ್ರಂಥಿಯದ್ದು ಅಂತಲೇ ಇರಲಿ. ಕೆರೆಯ ವಿಷಯ ಗ್ರಂಥಿಗೆ ಗೊತ್ತುಂಟಾ?"

ಅವಳು ಬಸ್ಸು ಹತ್ತಿದಳು. ಗಂಡನ ಮನೆಯಿಂದ ಯಾರೂ ಕರೆಯಲು ಬರಲಿಲ್ಲ. ಎರಡು ಸಾವಿರದ ನಾಲ್ಕರವರೆಗೆ ನನ್ನ ಜಗಲಿಯಲ್ಲೇ ಬೀಡಿ ಕಟ್ಟಿದಳು. ನಾನು ಏನಾದರೂ ಕೇಳಿದರೆ ಕತ್ತರಿ ಕೆಳಗಿಟ್ಟು, ಯೋಚನೆ ಮಾಡಿ, ಆಮೇಲೆ ಹೇಳುವಳು. ಅಷ್ಟರಲ್ಲಿ ಕೇಳಿದ್ದು ನನಗೇ ಮರೆತುಹೋಗುವುದು. ಜಗಲಿಯಲ್ಲಿ ಇಬ್ಬರಿದ್ದೆವು, ಆದರೆ ಕತ್ತರಿಯ ಸದ್ದು ಮಾತ್ರ.

ಆ ವರ್ಷ ಮುಂಬಯಿಯಲ್ಲಿರುವ ಅವಳ ಅಣ್ಣ ಮನೆವಾರ್ತೆಗೆ ಅಂತ ಕರೆಸಿಕೊಂಡ. ಬಸ್ಸು ಹತ್ತಿಸಲಿಕ್ಕೆ ನಾನು ಬಿ.ಸಿ.ರೋಡಿಗೆ ಹೋದೆ. ಅವಳನ್ನು ನೋಡಿದ್ದು ಅದೇ ಕೊನೆ. ಬಸ್ಸು ಹೊರಡುವಾಗ ಕಿಟಕಿಯಿಂದ ನನ್ನ ಕೈ ಹಿಡಿದು ಕೇಳಿದಳು:

"ಬೀಯಮ್ಮಕ್ಕ, ಇಷ್ಟು ವರ್ಷದಲ್ಲಿ ನಿಮಗೆ ನೋವಾಗುವ ಮಾತು ನಾನು ಆಡಿದ್ದುಂಟಾ? ಇದ್ದರೆ ಹೇಳಿ. ಅದು ಮಾತ್ರೆಗಿಂತ ಮೊದಲಾ, ಆಮೇಲಾ?"