ಪರದೆಯ ಮೇಲಿನ ಮಡಿಕೆ

ಮೊನ್ನೆ ಬೀರುವಿನ ಕೆಳಗಿನ ಖಾನೆ ಖಾಲಿ ಮಾಡುವಾಗ ಅಮ್ಮನ ಕಾಲದ ಬಿಳಿ ಡಬಲ್ ಬೆಡ್‌ಶೀಟು ಕೈಗೆ ಬಂತು. ಅಂಚಿಗೆ ಅಂಚು ಕೂಡಿಸಿ ಎಂಟು ಪದರ ಮಡಿಸಿದ್ದು. ಮಡಿಕೆಯ ಗೆರೆಗಳು ಹಳದಿಗೆ ತಿರುಗಿದ್ದವು. ಮೂಗಿನ ಹತ್ತಿರ ಹಿಡಿದರೆ ನುಸಿಗುಳಿಗೆಯ ಘಾಟಿನ ಅಡಿಯಲ್ಲಿ ಇದ್ದಿಲಿನ ವಾಸನೆ ಇನ್ನೂ ಇದೆ ಅನ್ನಿಸಿತು. ಇರಲಾರದು, ಇಷ್ಟು ದಿನ ಎಲ್ಲಿ ಉಳಿಯುತ್ತದೆ... ಆದರೂ ನಮ್ಮ ಬೀದಿಯ ಇಸ್ತ್ರಿಯವರು ನೆನಪಾದರು. ಜೊತೆಗೇ ನನ್ನ ಹಳೆಯ ಹೊಟ್ಟೆಕಿಚ್ಚೂ.

ಗೋವಿಂದರಾಜನಗರದ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ಹೊಂಗೆಮರದ ಕೆಳಗೆ ಅವರ ತಳ್ಳುಗಾಡಿ ನಿಲ್ಲುತ್ತಿತ್ತು. ಮದನಪಲ್ಲಿ ಕಡೆಯವರು. ಅಪ್ಪ ಬೆಳಿಗ್ಗೆ ತಿಂಡಿ ಮುಗಿಸಿ, ಪೇಪರ್ ಹಿಡಿದು ಅವರ ಸ್ಟೂಲಿನ ಮೇಲೆ ಕೂತರೆ ಏಳುತ್ತಿದ್ದುದು ಊಟಕ್ಕೇ. ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತೇ ಆಡದ ಮನುಷ್ಯ ಅಲ್ಲಿ ಕೈ ಆಡಿಸಿಕೊಂಡು ಮಾತಾಡುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು ಅಂತಲೇ ಹೇಳಬೇಕು.

ಉರಿಯಲು ಕಾರಣವಿತ್ತು. ಅಪ್ಪ ಹುಡುಗನಾಗಿದ್ದಾಗ ಎಲ್ಲಿಂದಲೋ ನಡೆದು ಬೆಂಗಳೂರಿಗೆ ಬಂದವರು. ಯಾವ ಊರು, ಯಾರ ಜೊತೆ, ಯಾಕೆ, ಇದೊಂದೂ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೆ ಹೊಸ ನೋಟ್‌ಬುಕ್ ತಂದು ಅಪ್ಪನ ಎದುರು ಕೂತು, "ಹೂಂ, ಶುರು ಮಾಡಿ" ಎಂದಿದ್ದೆ. ಅಪ್ಪ ಆ ನೋಟ್‌ಬುಕ್ಕನ್ನೇ ಸ್ವಲ್ಪ ಹೊತ್ತು ನೋಡಿ, "ಅದೆಲ್ಲಾ ಯಾಕೀಗ" ಎಂದು ಎದ್ದು ಹೋದರು. ಹೋದದ್ದು ಹೊಂಗೆಮರದ ಕೆಳಕ್ಕೆ.

ಲಾಕ್‌ಡೌನ್ ಮುಗಿದ ಮರುವರ್ಷ ಇಬ್ಬರು ಹುಡುಗಿಯರು, ನಡೆದೇ ಊರು ಸೇರಿದ ವಲಸೆ ಕೂಲಿಯವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ಬೀದಿಬೀದಿಯಲ್ಲಿ ತೋರಿಸುತ್ತಿದ್ದರು. ನಮ್ಮ ಪಾರ್ಕಿಗೆ ಅವರನ್ನು ಕರೆಸಿದವನು ನಾನೇ. ಒಳ್ಳೆಯ ಕೆಲಸ ಮಾಡಿದಿರಿ ಎಂದು ಎಲ್ಲರೂ ಹೊಗಳಿದರು. ನಿಜ ಹೇಳಿದರೆ ನನ್ನ ಲೆಕ್ಕಾಚಾರವೇ ಬೇರೆ. ನಡೆಯುವವರನ್ನು ನೋಡಿದರೆ ಅಪ್ಪ ಬಾಯಿ ಬಿಟ್ಟಾರು, ಆಗ ಪಕ್ಕದಲ್ಲಿ ನಾನಿರಬೇಕು. ಪರದೆಗೆಂದು ಈ ಬೆಡ್‌ಶೀಟು ಕೊಟ್ಟೆ. ಸುಕ್ಕು ಕಾಣಬಾರದೆಂದು ಇಸ್ತ್ರಿಯನ್ನೂ ಮಾಡಿಸಿದೆ.

ಸಂಜೆ ಎರಡು ಮರಗಳ ನಡುವೆ ಅದನ್ನು ಬಿಡಿಸಿ ಕಟ್ಟಿದರೆ ಅಡ್ಡಕ್ಕೊಂದು, ಉದ್ದಕ್ಕೆ ಮೂರು ಗೆರೆ ಎದ್ದು ನಿಂತಿವೆ. ಇಸ್ತ್ರಿಯವರು ಸುಕ್ಕನ್ನೆಲ್ಲ ತೆಗೆದು, ಆಮೇಲೆ ಎಂದಿನಂತೆ ಮಡಿಸಿ, ಒಂದೊಂದು ಮಡಿಕೆಯ ಮೇಲೂ ಇಸ್ತ್ರಿಪೆಟ್ಟಿಗೆ ಒತ್ತಿ ಕೊಟ್ಟಿದ್ದರು.

"ಪರದೆಗೆ ಅಂತ ಹೇಳಿರ್ಲಿಲ್ವೇನ್ರೀ? ಮಡಿಸಿದ್ದು ಯಾಕೆ?" ಎಂದು ಎಲ್ಲರೆದುರೇ ಕೇಳಿದೆ.

"ಮಡಿಸ್ದೆ ಯಾವತ್ತೂ ಕೊಟ್ಟಿಲ್ಲ ಸಾರ್. ಕೈ ಅದ್ರ ಪಾಡಿಗೆ ಮಾಡ್ಬಿಡ್ತು" ಎಂದು ಅವರು ತಲೆ ತಗ್ಗಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು. ನಾಚಿಕೆಯ ವಿಷಯ, ಆದರೂ ಆಯಿತು.

ಅಪ್ಪನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಇಸ್ತ್ರಿಯವರು ಹಿಂದೆ, ಹುಲ್ಲಿನ ಮೇಲೆ. ಪರದೆಯಲ್ಲಿ ಹೆದ್ದಾರಿ, ಗಂಟುಮೂಟೆ ಹೊತ್ತ ಜನ. ಒಬ್ಬಾತ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಕಡೆಗೇ ನಡೆದು ಬರುತ್ತಿದ್ದ. ಅಡ್ಡಗೆರೆ ಸರಿಯಾಗಿ ಅವನ ಸೊಂಟಕ್ಕೆ ಬಂದಿತ್ತು. ಗಾಳಿಗೆ ಬಟ್ಟೆ ಅಲುಗಿದಾಗ ಅವನು ಸೊಂಟಮಟ್ಟ ನೀರಿನಲ್ಲಿ ನಡೆಯುತ್ತಿರುವಂತೆ ಕಂಡ. ಅಪ್ಪ ನೆಟ್ಟಗೆ ಕೂತರು. ತಿರುಗಿದ್ದು ನನ್ನ ಕಡೆಗಲ್ಲ, ಹಿಂದಕ್ಕೆ.

"ನೋಡಿದ್ಯೇನಪ್ಪಾ, ಹಳ್ಳಕ್ಕೆ ಇಳಿದಿದ್ದು ಹಿಂಗೇ."

"ಹೂಂ ಯಜಮಾನ್ರೇ. ತಂಗೀನ ಹೆಗಲ ಮೇಲೆ ಕೂರಿಸ್ಕೊಂಡು" ಎಂದರು ಇಸ್ತ್ರಿಯವರು.

ಅಪ್ಪ ಕೈಯನ್ನು ಹಿಂದಕ್ಕೆ ಚಾಚಿದರು. ಅವರು ಹಿಡಿದುಕೊಂಡರು. ಯಾವ ಹಳ್ಳ? ಯಾವ ತಂಗಿ? ನನಗೊಬ್ಬಳು ಸೋದರತ್ತೆ ಇದ್ದಳೆಂಬುದು ನಮ್ಮ ಬಟ್ಟೆ ಇಸ್ತ್ರಿ ಮಾಡುವವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಉಳಿದ ಸಿನಿಮಾ ನನ್ನ ತಲೆಗೆ ಹತ್ತಲಿಲ್ಲ.

ಮನೆಗೆ ಬಂದ ಕೂಡಲೇ ಕೇಳಿದೆ. "ಒಂದ್ಸಲ ಹೇಳೋದೇ ಕಷ್ಟ ಕಣೋ. ಅವ್ನಿಗೆ ಹೇಳಿದೀನಿ, ಬೇಕಿದ್ರೆ ಕೇಳ್ಕೋ" ಎಂದು ಅಪ್ಪ ಗೋಡೆಯ ಕಡೆ ಮಗ್ಗುಲಾದರು. ನಮ್ಮಪ್ಪನ ಕಥೆಯನ್ನು ನಾನು ಬೀದಿಯಲ್ಲಿ ನಿಂತು ಇನ್ನೊಬ್ಬರಿಂದ ಕೇಳಬೇಕೇ? ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅಪ್ಪ ಹೋದರು. ಹದಿಮೂರನೆಯ ದಿನ ಇಸ್ತ್ರಿಯವರು ಬಂದರು. ಪಾರ್ಕಿನಿಂದ ಅವರೇ ಬಿಚ್ಚಿಕೊಂಡು ಹೋಗಿದ್ದ ಈ ಬೆಡ್‌ಶೀಟನ್ನು ಒಗೆದು, ಇಸ್ತ್ರಿ ಮಾಡಿ, ಮತ್ತೆ ಎಂಟು ಪದರ ಮಡಿಸಿ ತಂದಿದ್ದರು.

"ಸಾರ್, ಒಂದಿನ ಗಾಡಿ ಹತ್ರ ಬನ್ನಿ. ಯಜಮಾನ್ರು ಹೇಳಿದ್ದೆಲ್ಲಾ ನಿಮ್ಗೆ ಹೇಳ್ಬೇಕು."

"ನೋಡೋಣ" ಎಂದೆ. ಮರುವಾರದಿಂದ ಬಟ್ಟೆಗಳನ್ನು ವಿಜಯನಗರದ ಅಂಗಡಿಯೊಂದಕ್ಕೆ ಇಸ್ತ್ರಿಗೆ ಕೊಡತೊಡಗಿದೆ. ಹೊಂಗೆಮರ ತಪ್ಪಿಸಿ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಎಂದಾದರೂ ಕಣ್ಣಿಗೆ ಬಿದ್ದರೆ ಅವರು ದೂರದಿಂದಲೇ ಕೈ ಎತ್ತುತ್ತಿದ್ದರು... ನಾನು ಫೋನ್ ನೋಡುತ್ತಿದ್ದೆ.

ಒಂದು ದಿನ ಗಾಡಿ ಇರಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡೆ. ಅವರು ಊರಿನಲ್ಲೇ ತೀರಿಕೊಂಡರೆಂದು ಹೂವು ಮಾರುವಾಕೆ ಹೇಳಿದಾಗ ತಿಂಗಳು ಕಳೆದಿತ್ತು.

ಈಗ ಹೊಂಗೆಮರದ ಕೆಳಗೆ ಸ್ಕೂಟರ್ ನಿಲ್ಲಿಸುತ್ತಾರೆ. ಮೊನ್ನೆ ಬೆಡ್‌ಶೀಟನ್ನು ಮಂಚದ ಮೇಲೆ ಹರಡಿ, ನೀರು ಚಿಮುಕಿಸಿ, ಕರೆಂಟ್ ಇಸ್ತ್ರಿಪೆಟ್ಟಿಗೆಯಿಂದ ಆ ಅಡ್ಡಗೆರೆಯನ್ನು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಗೊತ್ತು. ಆದರೂ ಪಡುತ್ತೇನೆ. ಅವರಿಬ್ಬರಿಗೂ ಎಲ್ಲ ಗೊತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅಪ್ಪನ ಹೆಸರೊಂದೇ ಇದೆ, ಮೊದಲ ಪುಟದಲ್ಲಿ.

ಬೆಡ್‌ಶೀಟನ್ನು ಅದೇ ಗೆರೆಗಳ ಮೇಲೆ ಮಡಿಸಿ ಒಳಗಿಟ್ಟೆ. ನನ್ನ ಸೋದರತ್ತೆ ಆ ಹಳ್ಳ ದಾಟಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.